ಹಲ್ಲಿಯ ಸಾಕ್ಷಿ

ಬಚ್ಚಲುಮನೆಯ ಸ್ವಿಚ್‌ಬೋರ್ಡಿನ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತ್ತು. ಗೋಡೆಯೊಳಗೆ ಯಾವ ವೈರು ಎತ್ತ ಹೋಗಿದೆ ಎಂಬುದು ಅದಕ್ಕೆ ಅಂಗೈ ನೆಲ್ಲಿಕಾಯಿ.

ಒಂದು ದಿನ ಗೀಸರ್ ತೂಗುಹಾಕಲು ಮೇಸ್ತ್ರಿ ಕೊಟ್ರೇಶಿ ಬಂದ. ಬೋರ್ಡಿನ ನೇರ ಮೇಲೆಯೇ ಪೆನ್ಸಿಲ್ಲಿನಿಂದ ಗುರುತು ಹಾಕಿ, ಸ್ಟೂಲು ಹತ್ತಿ, ಹ್ಯಾಮರ್ ಡ್ರಿಲ್ಲನ್ನು ಎತ್ತಿ ಹಿಡಿದ.

ಹಲ್ಲಿ ಗಾಬರಿಬಿದ್ದು ಹೊರಗೆ ಬಂತು. "ಡ್ರಿಲ್ಲಪ್ಪಾ, ಅಲ್ಲಿ ಕೊರೆಯಬೇಡ. ಆ ಗುರುತಿನ ಹಿಂದೆಯೇ ವೈರಿದೆ."

"ನನಗೆ ಕೊರೆಯುವುದಷ್ಟೇ ಗೊತ್ತು ತಾಯಿ. ನಿಲ್ಲಿಸುವುದು ಹಿಡಿದ ಕೈಗೆ ಸೇರಿದ್ದು. ಅವನಿಗೇ ಹೇಳು," ಎಂದಿತು ಡ್ರಿಲ್.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಕೇಳಿದಳು: "ಒಳಗೆ ವೈರಿಲ್ಲ ತಾನೇ? ಮೇನ್ ಆಫ್ ಮಾಡಲಾ?"

"ಏನೂ ಇಲ್ಲ ಬಿಡ್ರಿ ಅಕ್ಕಾ," ಎಂದ ಕೊಟ್ರೇಶಿ.

"ಇದೆ! ಇದೆ!" ಎಂದು ಹಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿತು. ಮನುಷ್ಯರ ಕಿವಿಗೆ ಅದು ಬರೀ ಲೊಚ್ ಲೊಚ್ ಎಂದು ಕೇಳಿತು.

"ನೋಡ್ರಿ, ಹಲ್ಲಿ ಲೊಚಗುಟ್ಟಿತು. ನಾನು ಹೇಳಿದ್ದು ಸತ್ಯ!" ಎನ್ನುತ್ತ ಕೊಟ್ರೇಶಿ ಗುಂಡಿ ಒತ್ತಿಯೇಬಿಟ್ಟ.

ಗೋಡೆಯೊಳಗಿಂದ ಫಟ್ಟೆಂದು ಕಿಡಿ ಹಾರಿತು. ಮನೆಯ ಕರೆಂಟೆಲ್ಲ ಹೋಯಿತು. ಸ್ಟೂಲಿನಿಂದ ಉರುಳಿಬಿದ್ದ ಕೊಟ್ರೇಶಿ, ಜೋಮು ಹಿಡಿದ ಕೈಯನ್ನು ಉಜ್ಜಿಕೊಳ್ಳುತ್ತ ಎದ್ದು ಕೂತ. ತಲೆ ಎತ್ತಿ ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡಿದ.

"ಈ ಹಾಳು ಹಲ್ಲಿ ಸುಳ್ಳು ಹೇಳಿ ನನ್ನ ಜೀವ ತೆಗೀತಿತ್ತು."

"ನಾನಲ್ಲಪ್ಪಾ, ನಾನಲ್ಲ!" ಎಂದಿತು ಹಲ್ಲಿ.

"ಕೇಳಿದ್ರಾ ಅಕ್ಕಾ? ಹೌದು ಅಂತ ತಾನೇ ಒಪ್ಪಿಕೊಂತು ನೋಡ್ರಿ!"