ಪಿಳ್ಳಮ್ಮ ತಿದ್ದಿದ ಸಾಲು

"ಗುರುಗಳೇ, ಹತ್ತು ಜನ ಸೇರಿ ಹೊಸ ಕಂಪನಿ ಕಟ್ಟಿದ್ದೇವೆ. ಕೆಲಸದ ಕ್ರಮವನ್ನೆಲ್ಲ ಒಂದು ವಿಕಿಯಲ್ಲಿ ಬರೆದಿಟ್ಟಿದ್ದೇನೆ. ಅದರ ಪುಟಗಳನ್ನು ಎಲ್ಲರೂ ಓದಬಹುದು, ಎಲ್ಲರೂ ತಿದ್ದಬಹುದು. ಈಗ ನಿನ್ನೆ ಮೊನ್ನೆ ಬಂದವರೂ ನನ್ನ ಮಾತನ್ನೇ ತಿದ್ದುತ್ತಿದ್ದಾರೆ. ಪುಟಗಳಿಗೆ ಬೀಗ ಹಾಕಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಹೆಂಗಸಿದ್ದಳು. ರೇಷ್ಮೆಗೂಡು ಆರಿಸುವ ಕೂಲಿಗೆ ಹೋಗುತ್ತಿದ್ದವಳು. ಯಾರೂ ಕಲಿಸದಿದ್ದರೂ ಪುಸ್ತಕ ತಂದು ಓದಿದಳು. ಯಾರೂ ಜೊತೆಗೆ ಬರದಿದ್ದರೂ ಕಂಪನಿ ಕಟ್ಟಿದಳು. ಮೊಟ್ಟೆಯೊಡೆದ ರೇಷ್ಮೆಹುಳುವನ್ನು ಎಂಟು ಹತ್ತು ದಿನ ಸಾಕಿ, ಎಳೆತನ ಕಳೆದ ಮೇಲೆ ರೈತರಿಗೆ ಕೊಡುವುದು ಆ ಕಂಪನಿಯ ಕೆಲಸ.

ಮೊದಲು ಒಂದು ಊರಲ್ಲಿ ಹುಳುಮನೆ ಇತ್ತು. ಆಮೇಲೆ ಇಪ್ಪತ್ತು ಮೈಲಿ ದೂರದಲ್ಲಿ ಇನ್ನೊಂದಾಯಿತು. ಒಬ್ಬಳೇ ಎರಡು ಕಡೆ ಇರುವುದು ಹೇಗೆ? ಅವಳೂ ನಿನ್ನ ಹಾಗೆ ವಿಕಿ ಮಾಡಿದಳು. ತನಗೆ ತಿಳಿದುದನ್ನೆಲ್ಲ ಅದರಲ್ಲಿ ಬರೆದಳು. ಹುಳುವಿಗೆ ಹಾಕುವ ಸೊಪ್ಪು ಮುಟ್ಟುವ ಮೊದಲು ಪುಟ ತೆರೆದು ಓದಬೇಕು ಎಂದು ನೇಮ ಮಾಡಿದಳು. ಎರಡನೇ ಊರಿನವರು ಕೆಲಸಕ್ಕೆ ಹೊಸಬರು. ಪುಟ ಹೇಳಿದ್ದೇ ಅವರಿಗೆ ವೇದ.

ರೇಷ್ಮೆಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಹೆಚ್ಚುಕಡಿಮೆ ಎಲ್ಲ ಹುಳುವೂ ಜ್ವರದಿಂದ ಎದ್ದ ಮೇಲೆ ಸೊಪ್ಪು ಹಾಕಬೇಕು. ಮೊದಲೇ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಹಿಂದೆ ಬೀಳುತ್ತವೆ. ಅಂಥ ಹುಳು ತೆಗೆದುಕೊಂಡ ರೈತನ ಮನೆಯಲ್ಲಿ ಕೆಲವು ಗೂಡು ಕಟ್ಟುವಾಗ ಕೆಲವು ಇನ್ನೂ ಮೇಯುತ್ತಿರುತ್ತವೆ. ಬೆಳೆ ಕೆಟ್ಟಿತೆಂದೇ ಲೆಕ್ಕ.

ಆ ಹೆಂಗಸು ಬರೆದಿದ್ದಳು: "ಹುಳು ಜ್ವರಕ್ಕೆ ಕೂತ ಇಪ್ಪತ್ತನಾಲ್ಕು ಗಂಟೆಗೆ ಸೊಪ್ಪು ಹಾಕಬೇಕು."

ಒಂದು ದಿನ ನೋಡಿದರೆ ಆ ಸಾಲು ಬದಲಾಗಿತ್ತು. "ಗಂಟೆ ನೋಡಬೇಡಿ. ನೂರರಲ್ಲಿ ತೊಂಬತ್ತೈದು ಎದ್ದ ಮೇಲೆ ಹಾಕಿ." ತಿದ್ದಿದವರ ಹೆಸರನ್ನು ಪುಟವೇ ತೋರಿಸುತ್ತಿತ್ತು. ಪಿಳ್ಳಮ್ಮ. ಹುಳು ಸಾಕುವ ತಟ್ಟೆ ತೊಳೆಯಲು ಬಂದು, ಹುಳು ನೋಡಲು ನಿಂತವಳು. ಅವಳಿಗೆ ಬರೆಯುವುದು ಕಷ್ಟ. ಬಾಯಲ್ಲಿ ಹೇಳಿದರೆ ಫೋನು ಬರೆದುಕೊಳ್ಳುತ್ತಿತ್ತು.

ಯಜಮಾನಿ ತನ್ನ ಸಾಲನ್ನೇ ಮತ್ತೆ ಇಟ್ಟಳು. ಪಿಳ್ಳಮ್ಮ ಮತ್ತೆ ತಿದ್ದಿದಳು. ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಯಜಮಾನಿ ಅವಳನ್ನು ಎಲ್ಲರ ಮುಂದೆ ಕರೆದಳು.

"ಏನಮ್ಮಾ ಪಿಳ್ಳಮ್ಮ, ನಾನು ಹತ್ತು ಪುಸ್ತಕ ಓದಿ ಬರೆದ ಸಾಲು ಅದು. ನೀನು ಯಾವ ಪುಸ್ತಕ ಓದಿ ತಿದ್ದಿದೆ?"

"ನಾನೆಲ್ಲಿ ತಿದ್ದಿದೆ ಅಕ್ಕಾ? ತಿದ್ದಿದ್ದು ಹುಳ. ನಾನು ಹೇಳಿ ಬರೆಸಿದೆ ಅಷ್ಟೆ."

"ಹುಳಕ್ಕೆ ಓದೋಕೆ ಬರುತ್ತಾ?"

"ಬರಲ್ಲ ಅಕ್ಕಾ. ಅದಕ್ಕೇ ನಿಮ್ಮ ಪುಟ ನೋಡಿ ಏಳಲ್ಲ ಅವು."

ಕೆಲಸದವರು ನಕ್ಕರು. ಯಜಮಾನಿ ಆ ದಿನವೇ ಪುಟಕ್ಕೆ ಬೀಗ ಹಾಕಿದಳು. ಇನ್ನು ಓದುವುದಕ್ಕೆ ಎಲ್ಲರೂ, ಬರೆಯುವುದಕ್ಕೆ ಅವಳೊಬ್ಬಳೇ.

ಮಾಗಿಯ ಚಳಿ ಬಂತು. ಆ ಸಲ ನಲವತ್ತು ರೈತರು ಹುಳು ಬೇಕೆಂದು ಹೇಳಿದ್ದರು. ಎರಡು ಊರಿನ ತಟ್ಟೆಗಳಲ್ಲಿ ಇಪ್ಪತ್ತು ಲಕ್ಷ ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಈ ಹುಳು ಕೆಟ್ಟರೆ ಕಂಪನಿಯ ಹೆಸರನ್ನು ಮತ್ತೆ ಯಾರೂ ಎತ್ತುವಂತಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತನಾಲ್ಕು ಗಂಟೆ ತುಂಬುತ್ತಿತ್ತು. ಐದು ನಿಮಿಷ ಮೊದಲು ಪಿಳ್ಳಮ್ಮ ಸೊಪ್ಪಿನ ಬುಟ್ಟಿ ಹಿಡಿದು ಯಜಮಾನಿಯ ಮುಂದೆ ನಿಂತಳು. "ಅಕ್ಕಾ, ಗಂಟೆ ಆಗ್ತಾ ಬಂತು. ಪುಟದಲ್ಲಿದ್ದ ಹಾಗೆ ಹಾಕ್ತೀನಿ. ಒಂದು ಸಲ ಬಂದು ನೋಡಿಬಿಡಿ" ಎಂದಳು.

ಯಜಮಾನಿ ಒಳಗೆ ಹೋದಳು. ಗಡಿಯಾರ ನೋಡಿದಳು. ಆಮೇಲೆ ತಟ್ಟೆಯ ಮೇಲೆ ಬಾಗಿದಳು.

ಎದ್ದ ಹುಳುಗಳು ಎಲ್ಲೋ ಹತ್ತು ಹದಿನೈದು. ಉಳಿದವು ಸಾವಿರ ಸಾವಿರ ತಲೆಯೆತ್ತಿ ನಿಂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಪಕ್ಕದ ತಟ್ಟೆಯಲ್ಲೂ ಹಾಗೆಯೇ. ಅದರ ಆಚೆಯ ತಟ್ಟೆಯಲ್ಲೂ ಹಾಗೆಯೇ. ಉಗುರಿನಷ್ಟಿಲ್ಲದ ಜೀವಗಳು ತಮ್ಮೊಳಗೆ ಹೊಸ ಮೈ ಮಾಡಿಕೊಳ್ಳುತ್ತಿದ್ದವು. ಅದಕ್ಕೆ ಅವು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅವಳು ವರ್ಷಗಟ್ಟಲೆ ಹುಳು ಸಾಕಿದ್ದಳು. ಆದರೆ ಹೀಗೆ ನಿಂತು ನೋಡಿರಲಿಲ್ಲ. ತಾನು ದೊಡ್ಡದೊಂದು ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಬಂದಿದ್ದೇನೆ ಅನ್ನಿಸಿತು ಅವಳಿಗೆ.

ಪುಟದ ಬೀಗ ತೆಗೆದು ಫೋನನ್ನು ಪಿಳ್ಳಮ್ಮನ ಕೈಗೆ ಕೊಟ್ಟಳು. "ನಿನ್ನ ಸಾಲು ಹೇಳು" ಎಂದಳು.

ಪಿಳ್ಳಮ್ಮ ಹೇಳಿದಳು. ಸಾಲು ಪುಟದಲ್ಲಿ ಕೂತಿತು.

ಇಬ್ಬರೂ ಫೋನು ನೋಡುತ್ತಾ ನಿಂತರು. ಹತ್ತು ಗಂಟೆಯಾಯಿತು. ಸಾಲಿನ ಕೆಳಗೆ ಇನ್ನೊಂದು ಸಾಲು ಬಂತು. ಎರಡನೇ ಊರಿನ ಒಬ್ಬರದು. "ಇಲ್ಲೂ ಎದ್ದಿಲ್ಲ. ಕಾಯುತ್ತೇವೆ." ಅದರ ಕೆಳಗೆ ಮತ್ತೊಬ್ಬರು: "ಬಾಗಿಲ ಹತ್ತಿರದ ತಟ್ಟೆ ತಣ್ಣಗಿದೆ, ಅಲ್ಲಿ ಇನ್ನೂ ತಡ." ಮತ್ತೊಬ್ಬರು: "ಕೊಯ್ದ ಸೊಪ್ಪಿಗೆ ಒದ್ದೆ ಬಟ್ಟೆ ಮುಚ್ಚಿ, ಬಾಡುವುದಿಲ್ಲ." ಅಷ್ಟು ದಿನ ಬಾಯಿ ಬಿಡದವರೆಲ್ಲ ಬರೆದರು. ಅವುಗಳಲ್ಲಿ ಮುಕ್ಕಾಲು ಪಾಲು ಯಜಮಾನಿಗೆ ಗೊತ್ತಿರದ ಮಾತು.

ಹನ್ನೊಂದಾಯಿತು. ಒಂದಾಯಿತು. ಇಪ್ಪತ್ತು ಮೈಲಿ ಅಂತರದ ಎರಡು ಹುಳುಮನೆಗಳಲ್ಲಿ ಹನ್ನೆರಡು ಜನ ಕೈ ಕಟ್ಟಿ ನಿಂತಿದ್ದರು. ಕೂಗುವವರಿಲ್ಲ, ಅಪ್ಪಣೆ ಕೊಡುವವರಿಲ್ಲ. ಎಲ್ಲರ ಕಣ್ಣೂ ಹುಳುವಿನ ಮೇಲೆ.

ನಾಲ್ಕರ ಹೊತ್ತಿಗೆ ಒಂದು ತಟ್ಟೆ ಅಲುಗಿತು. ಆಮೇಲೆ ಎಲ್ಲವೂ. ಪುಟದಲ್ಲಿ "ಎದ್ದವು" ಎಂದು ಬಂತು. ಎರಡು ಊರಲ್ಲೂ ಒಟ್ಟಿಗೇ ಸೊಪ್ಪು ಬಿತ್ತು. ನಲವತ್ತು ರೈತರ ಮನೆಗೂ ಹುಳುಗಳು ಒಂದೇ ಸಮನಾಗಿ ಹೋದವು.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆ ಪುಟದಲ್ಲಿ ಈಗ ಅವಳು ಬರೆದ ಸಾಲುಗಳು ಎಷ್ಟು ಉಳಿದಿವೆ?"

ಗುರು ಹೇಳಿದರು: "ಒಂದೂ ಇಲ್ಲ, ಆದರೆ ದಿನ ಬೆಳಗಾದರೆ ಅದನ್ನು ಎಲ್ಲರಿಗಿಂತ ಮೊದಲು ತೆರೆದು ಓದುವವಳು ಅವಳೇ."