ಬೆನ್ನಿನ ಮಣ್ಣು

“ಗುರುಗಳೇ, ಸಾವಿರ ಕಣ್ಣು ಒಟ್ಟಿಗೇ ಮೋಸಹೋಗುವುದುಂಟೇ?” ಎಂದು ಶಿಷ್ಯ ಕೇಳಿದ.

ಅವನು ಪೇಟೆಯ ಕುಸ್ತಿ ನೋಡಿಕೊಂಡು ಆಗತಾನೆ ಮಠಕ್ಕೆ ಮರಳಿದ್ದ. ಅಲ್ಲಿ ಗೆದ್ದ ಪೈಲ್ವಾನ, ಸೋತವನನ್ನು ಅಪ್ಪಿಕೊಂಡು ಕಣ್ಣೀರು ಹಾಕಿದ್ದ. ಅಂಥ ದೇವರಂಥ ಮನುಷ್ಯ ಇನ್ನೊಬ್ಬನಿಲ್ಲವೆಂದು ಪೇಟೆಯೆಲ್ಲ ಒಂದೇ ಮಾತು. ಶಿಷ್ಯನ ಕಣ್ಣೂ ಇನ್ನೂ ಒದ್ದೆಯಾಗಿಯೇ ಇತ್ತು.

“ಅಖಾಡದಲ್ಲಿ ಕಂಡ ಗುಣ ಮನೆಯಲ್ಲೂ ಇರಲೇಬೇಕಲ್ಲವೇ?” ಎಂದು ಅವನೇ ಮಾತು ಮುಂದುವರಿಸಿದ.

“ಕೂತುಕೋ” ಎಂದರು ಗುರುಗಳು. “ಮಣ್ಣು ಬಲ್ಲ ಒಬ್ಬ ಮನುಷ್ಯನ ಕತೆ ಹೇಳುತ್ತೇನೆ.”

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಕುಸ್ತಿಯ ಅಖಾಡಕ್ಕೆ ಮಣ್ಣು ಹಾಕುವ ಹಕ್ಕು ಅವನ ಮನೆತನದ್ದು. ಕೆಮ್ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ, ಬಿದ್ದವನಿಗೆ ಗಾಯವಾಗದ ಹಾಗೆ ಹದಮಾಡಿ ಹಾಸುತ್ತಿದ್ದ. ಆ ಹಕ್ಕಿನಿಂದಲೇ ಅವನಿಗೆ ಅಖಾಡದ ಅಂಚಿನಲ್ಲಿ ನಿಲ್ಲುವ ಜಾಗ ಸಿಕ್ಕಿತ್ತು. ಊರ ಗೌಡರಿಗೂ ಅಷ್ಟು ಹತ್ತಿರದ ಜಾಗವಿರಲಿಲ್ಲ.

ಆ ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಕುಸ್ತಿಯೇ ಅವನ ಕಸುಬು, ಕುಸ್ತಿಯೇ ಅವನ ಅನ್ನ. ಗೆಲ್ಲುವವರು ಬಹಳ ಜನ ಇದ್ದಾರೆ. ಇವನ ಹೆಸರು ಬೆಳೆದದ್ದು ಗೆದ್ದ ಮೇಲೆ ಮಾಡುತ್ತಿದ್ದ ಕೆಲಸದಿಂದ. ಸೋತವನ ಬೆನ್ನಿಗೆ ಮಣ್ಣು ಮೆತ್ತಿರುತ್ತದೆ. ಆ ಮಣ್ಣು ಹೊತ್ತುಕೊಂಡೇ ಅವನು ನಾಲ್ಕು ಬೀದಿ ದಾಟಿ ಮನೆ ಸೇರಬೇಕು. ಮಣ್ಣಾದ ಬೆನ್ನು ಪೆಟ್ಟಾದ ಬೆನ್ನಿಗಿಂತ ಹೆಚ್ಚು ಉರಿಯುತ್ತದೆ. ಈ ಪೈಲ್ವಾನ ಮಾತ್ರ, ಬಿದ್ದವನನ್ನು ಎರಡೂ ಕೈ ಕೊಟ್ಟು ಎತ್ತಿ, ಮೆಲ್ಲಗೆ ಆ ಕಡೆ ತಿರುಗಿಸಿ, ತನ್ನ ಹೆಗಲ ವಲ್ಲಿಯಿಂದಲೇ ಅವನ ಬೆನ್ನಿನ ಮಣ್ಣು ಒರೆಸುತ್ತಿದ್ದ. ಒಂದು ಕಣವೂ ಉಳಿಯದ ಹಾಗೆ ಒರೆಸುತ್ತಿದ್ದ. ಅಷ್ಟು ಹೊತ್ತೂ ಸಾವಿರ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಕುಂಬಾರನ ಕಣ್ಣು ಪ್ರತಿ ಸಲವೂ ತುಂಬಿ ಬರುತ್ತಿತ್ತು. ಅವನು ಮೊದಲೇ ಮಾತಿನ ಮನುಷ್ಯ. ಯಾವ ಸಂತೆಗೆ ಗಡಿಗೆ ಹೊತ್ತುಕೊಂಡು ಹೋದರೂ ಗಡಿಗೆಯ ಜೊತೆಗೆ ಪೈಲ್ವಾನನ ಕತೆ. ಸುತ್ತಿನ ಹನ್ನೆರಡು ಹಳ್ಳಿಯಲ್ಲಿ ಅಖಾಡ ಕಾಣದವರೂ ಆ ವಲ್ಲಿಯ ಬಣ್ಣ ಹೇಳುತ್ತಿದ್ದರೆ, ಅದು ಕುಂಬಾರನ ಬಾಯಿಯ ಪುಣ್ಯ.

ಕುಂಬಾರನಿಗೆ ಒಬ್ಬಳೇ ಮಗಳು. ಅವಳ ಹೆಸರು ಹೊನ್ನಿ. ಈ ಕತೆಯಲ್ಲಿ ಹೆಸರು ಇರುವುದು ಅವಳೊಬ್ಬಳಿಗೇ. ಉಳಿದವರನ್ನು ಕಸುಬಿನಿಂದ ಕರೆದರೆ ಸಾಕು. ಪೈಲ್ವಾನನೂ ಕುಂಬಾರನ ಕುಲದವನೇ. ಅವನ ಕಡೆಯಿಂದಲೇ ಹೆಣ್ಣು ಕೇಳಿ ಬಂದಾಗ ಕುಂಬಾರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೆಂಡತಿ ಒಂದು ಮಾತು ಹೇಳಿದಳು. “ಮಣ್ಣಿನ ಗಡಿಗೆಯನ್ನೇ ಮೂರು ಸಲ ತಟ್ಟಿ ಸದ್ದು ಕೇಳಿ ಕೊಡುವವರು ನೀವು. ಅಳಿಯನಾಗುವವನನ್ನು ಒಂದು ಸಲ ತಟ್ಟಿ ನೋಡಬಾರದೇ? ಅವರ ಬೀದಿಯ ಬಾವಿಕಟ್ಟೆಗೆ ಹೋಗಿ ನಾಲ್ಕು ಹೆಂಗಸರನ್ನು ವಿಚಾರಿಸಿಕೊಂಡು ಬರುತ್ತೇನೆ.”

ಕುಂಬಾರ ನಕ್ಕ. “ಹಾಡಹಗಲಲ್ಲಿ ಸಾವಿರ ಜನ ಕಂಡದ್ದನ್ನು ಬಾವಿಕಟ್ಟೆಯಲ್ಲಿ ವಿಚಾರಿಸುತ್ತಾಳಂತೆ. ನೀನು ಒಂದು ದಿನವಾದರೂ ಅಖಾಡ ಕಂಡವಳೇನೇ?”

ಹೆಂಗಸರು ಅಖಾಡದ ಕಡೆ ಸುಳಿಯುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಅವಳು ಬಾವಿಕಟ್ಟೆಗೆ ಹೋಗಲಿಲ್ಲ.

ಮದುವೆ ಆಯಿತು. ಪೈಲ್ವಾನನ ತಾಯಿ ಒಂದೇ ಕೈಯಲ್ಲಿ ಸೊಸೆಯ ಗಲ್ಲ ಹಿಡಿದು ನೋಡಿದಳು. ಇನ್ನೊಂದು ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ವಯಸ್ಸಾಯಿತು, ನೋವಿರಬೇಕು ಎಂದುಕೊಂಡ ಕುಂಬಾರ.

ಮೊದಲ ವರ್ಷ ಹೊನ್ನಿ ಯುಗಾದಿಗೆ ತವರಿಗೆ ಬರಲಿಲ್ಲ. ಪಂಚಮಿಗೂ ಬರಲಿಲ್ಲ. ಗೌರಿ ಹಬ್ಬಕ್ಕೆ ಕುಂಬಾರ ತಾನೇ ಬಾಗಿನ ಹಿಡಿದುಕೊಂಡು ಮಗಳ ಮನೆಗೆ ಹೋದ. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ನಡುಮಧ್ಯಾಹ್ನ. ಬಾಗಿಲು ಅರ್ಧ ತೆರೆದಿತ್ತು.

ಅಂಗಳದಲ್ಲಿ ಮಗಳು ಅಂಗಾತ ಬಿದ್ದಿದ್ದಳು. ಪೈಲ್ವಾನ ಬಗ್ಗಿ, ಎರಡೂ ಕೈ ಕೊಟ್ಟು ಅವಳನ್ನು ಎತ್ತಿದ. ಮೆಲ್ಲಗೆ ಆ ಕಡೆ ತಿರುಗಿಸಿದ. ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಬೆನ್ನಿನ ಮಣ್ಣು ಒರೆಸಿದ. ಒಂದು ಕಣವೂ ಉಳಿಯದ ಹಾಗೆ ಒರೆಸಿದ.

ಅಭ್ಯಾಸಬಲದಿಂದ ಕುಂಬಾರನ ಕಣ್ಣು ತುಂಬಿ ಬಂತು. ಏನನ್ನು ನೋಡಿದೆನೆಂಬುದು ಆಮೇಲೆ ತಿಳಿಯಿತು.

“ಬನ್ನಿ ಮಾವ” ಎಂದ ಪೈಲ್ವಾನ. ಬಾಗಿ ಕಾಲು ಮುಟ್ಟಿದ. ಕಾಲಿಗೆ ನೀರು ತರಲು ತಾನೇ ಒಳಗೆ ಹೋದ.

ಕುಂಬಾರ ಮಗಳ ಮುಖ ನೋಡಿದ. ಅವಳು ಬಾಗಿನದ ಮೊರವನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಹೇಳಿದಳು. “ಎತ್ತುತ್ತಾರೆ ಅಪ್ಪಾ. ಪ್ರತಿ ಸಲವೂ ಎತ್ತುತ್ತಾರೆ.”

“ನಡೆ, ಮನೆಗೆ ಹೋಗೋಣ.”

“ಕುಲದ ಹಿರಿಯರ ಮಾತಿಲ್ಲದೆ ಹೊಸ್ತಿಲು ದಾಟಿದರೆ ಮತ್ತೆ ಎಳೆದು ತರುತ್ತಾರೆ. ಆಮೇಲೆ ನನ್ನ ಗತಿ?” ಎಂದಳು ಹೊನ್ನಿ. “ಹಿರಿಯರ ಹತ್ತಿರ ಹೇಳು ಅಪ್ಪಾ. ನೀನು ಹೇಳಿದರೆ ಎಲ್ಲರೂ ಕೇಳುತ್ತಾರೆ.”

ಅದು ನಿಜವೇ. ಇಷ್ಟು ವರ್ಷ ಅವನು ಹೇಳಿದ್ದನ್ನೆಲ್ಲ ಜನ ಕೇಳಿದ್ದರು.

ಕುಂಬಾರ ಅಲ್ಲಿಂದ ನೇರ ಕುಲದ ಹಿರಿಯರ ಮುಂದೆ ಹೋಗಿ ನಿಂತ. ಕಂಡದ್ದನ್ನು ಕಂಡ ಹಾಗೆ ಹೇಳಿದ.

“ಏನಯ್ಯಾ, ನಿನ್ನ ಚಕ್ರದ ಹಾಗೆ ನಾಲಗೆಯೂ ತಿರುಗುತ್ತಲ್ಲ” ಎಂದ ಒಬ್ಬ. “ನನಗೆ ಕಣ್ಣು ಮಂಜಾಗಿ ಏಳು ವರ್ಷವಾಯಿತು. ಅವನು ಬೆನ್ನು ಒರೆಸುವುದನ್ನು ನಾನು ಕಂಡದ್ದು ನಿನ್ನ ಬಾಯಲ್ಲಿ. ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದೋ?”

“ಎರಡೂ ನಿಜ” ಎಂದ ಕುಂಬಾರ.

ಹಿರಿಯರು ನಕ್ಕರು. “ಅವಳು ಎಡವಿ ಬಿದ್ದಿರಬೇಕು. ಅವನು ಎತ್ತಿದ್ದಾನೆ. ಎತ್ತಿದ್ದಕ್ಕೂ ದೂರು ತರುತ್ತಾರೇನಯ್ಯಾ?” ಎಂದ ಇನ್ನೊಬ್ಬ. ಮೂರನೆಯವನು ಸ್ವಲ್ಪ ಮೆತ್ತನೆಯವನು. “ಮಾರ್ನಮಿ ಕುಸ್ತಿಗೆ ಇನ್ನು ಒಂದೇ ತಿಂಗಳು. ಪರಸ್ಥಳದ ಮಲ್ಲ ಬರುತ್ತಿದ್ದಾನೆ. ಊರಿನ ಮಾನ ನಿನ್ನ ಅಳಿಯನ ತೋಳಿನಲ್ಲಿದೆ. ಈಗ ಅವನ ಮನಸ್ಸು ಕೆಡಿಸುವುದು ಬೇಡ. ಕುಸ್ತಿ ಮುಗಿಯಲಿ, ಕರೆದು ಕೇಳೋಣ” ಎಂದ.

ಕುಂಬಾರ ಒಂದು ತಿಂಗಳು ಕಾಯಲು ಒಪ್ಪಿಕೊಂಡ. ಮನೆಗೆ ಹೋಗಿ ಅಖಾಡದ ಮಣ್ಣಿಗೆ ಜರಡಿ ಹಿಡಿಯಲು ಕೂತ. ಆ ವರ್ಷ ಎಂದಿಗಿಂತ ನುಣ್ಣಗೆ ಜರಡಿ ಹಿಡಿದ. ಎಣ್ಣೆಯನ್ನೂ ಎಂದಿಗಿಂತ ಹೆಚ್ಚು ಬೆರೆಸಿದ. ಮಗಳು ಬೀಳುವ ನೆಲ ಅದಲ್ಲವೆಂದು ಅವನ ಕೈಗೆ ಯಾರು ಹೇಳಬೇಕು?

ಇಪ್ಪತ್ತೆರಡನೆಯ ದಿನ ಸುದ್ದಿ ಬಂತು. ತಂದವಳು ಪೈಲ್ವಾನನ ಬೀದಿಯ ಬಾವಿಗೆ ನೀರಿಗೆ ಬರುವ ಒಬ್ಬ ಹೆಂಗಸು. ಹೊನ್ನಿ ಬಿದ್ದಳು, ಎತ್ತಿದರೂ ಏಳಲಿಲ್ಲ ಎಂದಳು. ಆಮೇಲೆ ಕುಂಬಾರನ ಹೆಂಡತಿಯ ಕೈ ಹಿಡಿದುಕೊಂಡಳು. “ಅವನ ತಾಯಿಯ ಕೈ ಸೊಟ್ಟಗಾದದ್ದು ಹೇಗೆಂದು ಬೀದಿಗೆಲ್ಲ ಗೊತ್ತು ತಾಯೀ. ಹೆಣ್ಣು ಕೊಡುವ ಮೊದಲು ಯಾರಾದರೂ ಬಂದು ಕೇಳುತ್ತಾರೆಂದು ಕಾದೆವು.”

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಅಂದಿನಿಂದ ಅವಳು ಅವನ ಕಡೆ ನೋಡಲೇ ಇಲ್ಲ.

ಹೆಣ ಎತ್ತುವ ಹೊತ್ತಿಗೆ ಊರಿಗೆ ಊರೇ ಸೇರಿತ್ತು. ಹೆಗಲು ಕೊಡಲು ಬಂದವರನ್ನು ಪೈಲ್ವಾನ ತಡೆದ. ತಾನೇ ಬಗ್ಗಿ, ಎರಡೂ ಕೈ ಕೊಟ್ಟು ಅವಳನ್ನು ನೆಲದಿಂದ ಎತ್ತಿದ. ಎದೆಗೆ ಒರಗಿಸಿಕೊಂಡು, ವಲ್ಲಿ ತೆಗೆದು, ಬೆನ್ನಿಗೆ ಅಂಟಿದ್ದ ಮಣ್ಣನ್ನು ಒರೆಸಿದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರು ನಾಟಕದ್ದಲ್ಲ. ನೆರೆದ ಗಂಡಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರು.

ಮಂಜುಗಣ್ಣಿನ ಹಿರಿಯ ಕುಂಬಾರನ ಹೆಗಲು ತಡವಿ, “ಏನು ಮಾಡುತ್ತಿದ್ದಾನೆ, ಹೇಳಯ್ಯಾ” ಎಂದ.

ಕುಂಬಾರ ಬಾಯಿ ತೆರೆದ. ಅವನಿಗೆ ಬರುತ್ತಿದ್ದ ಮಾತು ಒಂದೇ. “ಬೆನ್ನು ಒರೆಸುತ್ತಿದ್ದಾನೆ” ಎಂದ.

“ನೋಡಿದೆಯಾ, ಎಂಥ ಮನಸ್ಸು” ಎಂದ ಹಿರಿಯ.

ಮಾರ್ನಮಿಯ ದಿನ ಪೈಲ್ವಾನ ಗೆದ್ದ. ಹೆಂಡತಿ ಸತ್ತ ದುಃಖದಲ್ಲೂ ಸೋತವನ ಬೆನ್ನು ಒರೆಸಿದನೆಂದು ಅವನ ಹೆಸರು ಇನ್ನೂ ಹತ್ತು ಹಳ್ಳಿ ದಾಟಿತು. ಅಖಾಡದ ಅಂಚಿನಲ್ಲಿ ಕುಂಬಾರನ ಜಾಗ ಖಾಲಿಯಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಮಣ್ಣನ್ನು ಅವನು ಮೊದಲೇ ಹಾಸಿ ಹೋಗಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅಖಾಡದಲ್ಲಿ ಆ ಸಾವಿರ ಜನ ಕಂಡದ್ದು ಸುಳ್ಳೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಸುಳ್ಳಲ್ಲ ಮಗೂ, ಎತ್ತಿದ ಕೈಯೇ ಕೆಡವಿದ ಕೈ ಎಂಬುದನ್ನೂ ಆ ಸಾವಿರ ಜನ ಪ್ರತಿ ಸಲ ಕಣ್ಣಾರೆ ಕಂಡಿದ್ದರು.”