ಎಲೆಯ ಮರೆಯ ವ್ಯಾಪಾರ

ಮೊಟ್ಟೆ ಇಡುವ ದಿನ ಹತ್ತಿರ ಬಂದರೂ ಗೊರವಂಕಕ್ಕೆ ಮನೆ ಸಿಕ್ಕಿರಲಿಲ್ಲ. ಕಾಲುವೆ ದಡದ ಹಲಸಿನ ಮರದಲ್ಲಿ ಅಳಿಲೊಂದು ತನ್ನ ಪೊಟರೆಯನ್ನು ಮಾರುತ್ತದೆಂದು ತಿಳಿದು, ಅದು ದಲ್ಲಾಳಿ ಏಡಿಯ ಬಳಿಗೆ ಹಾರಿಬಂತು.

"ಚಿಂತೆ ಬಿಡಮ್ಮ, ನಾನು ನಿನ್ನ ಕಡೆಯವನು," ಎಂದಿತು ಏಡಿ. ಬೆಳಿಗ್ಗೆ ಅಳಿಲಿಗೂ ಅದು ಇದೇ ಮಾತು ಕೊಟ್ಟಿತ್ತು.

ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರಲ್ಲ, ಆ ದಡದಲ್ಲೂ ಅದೇ ರೂಢಿ. ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಒಂದು ಬೆರಳೆಂದರೆ ಒಂದು ರಾಗಿತೆನೆ. ಏಡಿ ಇಬ್ಬರನ್ನೂ ತನ್ನೆದುರು ಕೂರಿಸಿ, ಮೇಲೊಂದು ಹಲಸಿನೆಲೆ ಹೊದಿಸಿ, ಒಂದು ಕೈಯಲ್ಲಿ ಅಳಿಲಿನ ಬೆರಳನ್ನೂ ಇನ್ನೊಂದರಲ್ಲಿ ಗೊರವಂಕದ ಬೆರಳನ್ನೂ ಹಿಡಿಯಿತು. ಗೊರವಂಕದ ನಾಲ್ಕೂ ಬೆರಳನ್ನು ಅದುಮಿ, "ಇದಕ್ಕಿಂತ ಒಂದು ಕಾಳೂ ಕಡಿಮೆಯಾಗದು," ಎಂದು ಪಿಸುಗುಟ್ಟಿತು.

ಗೊರವಂಕ ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಅತ್ತ ಬಂದ ಆಡೊಂದು ಆ ಎಲೆಯನ್ನು ತಿಂದುಬಿಟ್ಟಿತು.

ಏಡಿಯ ಒಂದು ಕೈಯಲ್ಲಿ ಗೊರವಂಕದ ನಾಲ್ಕು ಬೆರಳಿದ್ದವು, ಇನ್ನೊಂದರಲ್ಲಿ ಅಳಿಲಿನ ಎರಡೇ ಬೆರಳು.

"ನಾನು ಕೇಳಿದ್ದೇ ಎರಡು!" ಎಂದಿತು ಅಳಿಲು.

"ಮಿಕ್ಕ ಎರಡು ಯಾರಿಗೆ, ಏಡಿಯಣ್ಣ? ನೀನು ಯಾರ ಕಡೆಯವನು?" ಎಂದು ಗೊರವಂಕ ಕೇಳಿತು.

"ಇಬ್ಬರ ಕಡೆಯವನೂ ಹೌದಮ್ಮ!"

"ಹಾಗಾದರೆ ಯಾರ ಹತ್ತಿರವಾದರೂ ಎರಡು ಹೆಜ್ಜೆ ಬಾ, ನೋಡೋಣ."

ಏಡಿ ಹೊರಟಿತು. ಎದುರಿಗಿದ್ದ ಇಬ್ಬರ ಹತ್ತಿರಕ್ಕೂ ಬರದೆ, ಅಡ್ಡಡ್ಡ ನಡೆದು ತನ್ನ ಬಿಲ ಸೇರಿಕೊಂಡಿತು.

ಗೊರವಂಕ ನಗುತ್ತ ಅಳಿಲಿಗೆ ಎರಡು ತೆನೆ ಕೊಟ್ಟು ಮನೆ ಕೊಂಡಿತು. ದಲ್ಲಾಳಿ ಕಮಿಷನ್ ಎಂದು ಇನ್ನೊಂದು ತೆನೆಯನ್ನು ಆಡಿಗೆ ಕೊಟ್ಟಿತು.